ವಿಡಾಲ್ ಪರೀಕ್ಷೆ

ವಿಡಾಲ್ ಪರೀಕ್ಷೆ ಎಂಬುದು ಜ್ವರ ಬಂದವರಿಗೆ ಟೈಫಾಯ್ಡ್, ಅಂದರೆ ವಿಷಮಶೀತ ಜ್ವರ, ಇರಬಹುದೇ ಎಂದು ತಿಳಿಯಲು ಮಾಡಿಸುವ ರಕ್ತಪರೀಕ್ಷೆ. ಫ್ರಾನ್ಸಿನ ವೈದ್ಯ ಫರ್ನಾಂಡ್ ವಿಡಾಲ್ 1896ರಲ್ಲಿ ವಿವರಿಸಿದ ಈ ವಿಧಾನ, ಖರ್ಚು ಕಡಿಮೆ ಮತ್ತು ಫಲಿತಾಂಶ ಬೇಗ ಎಂಬ ಕಾರಣಕ್ಕೆ, ನಮ್ಮ ಸಣ್ಣಪುಟ್ಟ ಊರುಗಳ ಲ್ಯಾಬುಗಳಲ್ಲೂ ಇಂದಿಗೂ ಬಳಕೆಯಲ್ಲಿದೆ. ಆದರೆ ಇದರ ವರದಿಗೆ ನಾವು ಕೊಡುವ ಬೆಲೆ ಅದರ ಯೋಗ್ಯತೆಗಿಂತ ಹೆಚ್ಚು.

ಟೈಫಾಯ್ಡ್‌ಗೆ ಕಾರಣವಾದ ಸಾಲ್ಮೊನೆಲ್ಲಾ ಟೈಫಿ ಎಂಬ ಬ್ಯಾಕ್ಟೀರಿಯಾವನ್ನು ಈ ಪರೀಕ್ಷೆ ನೇರವಾಗಿ ಹುಡುಕುವುದಿಲ್ಲ. ಅದರ ವಿರುದ್ಧ ಹೋರಾಡಲು ದೇಹ ತಯಾರಿಸಿದ ಪ್ರತಿಕಾಯಗಳೆಂಬ (ಆ್ಯಂಟಿಬಾಡಿ) ಪ್ರೋಟೀನುಗಳನ್ನು ಹುಡುಕುತ್ತದೆ. ರೋಗಿಯ ಸೀರಂ ಅನ್ನು, ಅಂದರೆ ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿದ್ರವವನ್ನು, ಹಂತಹಂತವಾಗಿ ತೆಳುಗೊಳಿಸಿ, ಸತ್ತ ಬ್ಯಾಕ್ಟೀರಿಯಾಗಳಿರುವ ದ್ರವದೊಂದಿಗೆ ಬೆರೆಸಿದಾಗ, ಪ್ರತಿಕಾಯಗಳಿದ್ದರೆ ಆ ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಅಂಟಿ ಗುಂಪುಗಟ್ಟುತ್ತವೆ. ವರದಿಯಲ್ಲಿರುವ ‘ಓ’ ಬ್ಯಾಕ್ಟೀರಿಯಾದ ಹೊರಕವಚಕ್ಕೂ ‘ಎಚ್’ ಅದು ಚಲಿಸಲು ಬಳಸುವ ಬಾಲದಂಥ ಕಶಾಂಗಕ್ಕೂ ಸಂಬಂಧಿಸಿದವು. 1:80, 1:160 ಎಂಬ ಅಂಕಿಗಳು ಸೀರಂ ಎಷ್ಟು ತೆಳುವಾದ ಮೇಲೂ ಗುಂಪುಗಟ್ಟಿತು ಎಂಬುದನ್ನು ಸೂಚಿಸುತ್ತವೆ.

ಪ್ರತಿಕಾಯಗಳು ಅಳತೆಗೆ ಸಿಗುವಷ್ಟಾಗಲು ಸುಮಾರು ಒಂದು ವಾರ ಬೇಕಾಗುವುದರಿಂದ, ಜ್ವರದ ಮೂರನೆಯ ದಿನ ‘ನೆಗೆಟಿವ್’ ಬಂದ ಮಾತ್ರಕ್ಕೆ ಟೈಫಾಯ್ಡ್ ಇಲ್ಲ ಎನ್ನಲಾಗದು. ‘ಪಾಸಿಟಿವ್’ ಇನ್ನೂ ತೊಡಕಿನದು. ಟೈಫಾಯ್ಡ್ ಆಗಾಗ ಹರಡುವ ನಮ್ಮಂಥ ಕಡೆ ಹಿಂದೆಂದೋ ಸೋಂಕು ತಗುಲಿದ ಆರೋಗ್ಯವಂತರ ರಕ್ತದಲ್ಲೂ ಅಷ್ಟಿಷ್ಟು ಪ್ರತಿಕಾಯಗಳಿರುತ್ತವೆ. ಇತರ ಸಾಲ್ಮೊನೆಲ್ಲಾ ಸೋಂಕುಗಳಲ್ಲಿ, ಕೆಲವೊಮ್ಮೆ ಮಲೇರಿಯಾದಲ್ಲಿ ಕೂಡ, ಇದೇ ಫಲಿತಾಂಶ ಬರುವುದುಂಟು. ಒಂದೆರಡು ವಾರದ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ, ಪ್ರಮಾಣ ನಾಲ್ಕು ಪಟ್ಟು ಏರಿದ್ದರೆ ಮಾತ್ರ ಅದಕ್ಕೆ ತೂಕವಿದೆ. ಜ್ವರದಲ್ಲಿ ನರಳುವವರು ಅಷ್ಟು ಕಾಯುವುದು ಹೇಗೆ? ಹೀಗಾಗಿ ಒಂದೇ ವರದಿಯ ಮೇಲೆ ಆ್ಯಂಟಿಬಯೋಟಿಕ್ ಶುರುವಾಗುತ್ತದೆ, ನಿಜವಾಗಿ ಇದ್ದದ್ದು ಡೆಂಗಿಯೋ ಸ್ಕ್ರಬ್ ಟೈಫಸ್ಸೋ ಆಗಿದ್ದರೆ ಅದು ಮರೆಯಾಗುತ್ತದೆ. ಅನಗತ್ಯ ಔಷಧಿಯಿಂದ ಬ್ಯಾಕ್ಟೀರಿಯಾಗಳು ಮದ್ದಿಗೆ ಬಗ್ಗದಂತಾಗುವುದು ಬೇರೆ. ಹಿಂದೆ ಟೈಫಾಯ್ಡ್‌ಗೆ ಧಾರಾಳವಾಗಿ ಬರೆಯುತ್ತಿದ್ದ ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯೋಟಿಕ್ ಭಾರತದಲ್ಲಿ ಈಗ ಬಹುಮಟ್ಟಿಗೆ ನಾಟುವುದಿಲ್ಲ.

ವಿಡಾಲ್‌ಗಿಂತ ನಂಬಬಹುದಾದದ್ದು ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ. ಜ್ವರದ ಮೊದಲ ವಾರದಲ್ಲಿ, ಆ್ಯಂಟಿಬಯೋಟಿಕ್ ಆರಂಭಿಸುವ ಮುನ್ನ ತೆಗೆದ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆದರೆ ರೋಗ ಖಚಿತವಾಗುತ್ತದೆ, ಯಾವ ಔಷಧಿ ಕೆಲಸ ಮಾಡುತ್ತದೆ ಎಂಬುದೂ ತಿಳಿಯುತ್ತದೆ. ಇದೂ ಎಲ್ಲ ರೋಗಿಗಳನ್ನು ಪತ್ತೆಹಚ್ಚುವುದಿಲ್ಲ, ಫಲಿತಾಂಶಕ್ಕೆ ಕೆಲವು ದಿನ ಬೇಕು. ಆದ್ದರಿಂದ ರೋಗಲಕ್ಷಣ ನೋಡಿ ವೈದ್ಯರು ಮೊದಲೇ ಚಿಕಿತ್ಸೆ ಆರಂಭಿಸಿದರೆ ಅದು ತಪ್ಪಲ್ಲ.

ಗುಣವಾದ ಮೇಲೆ ‘ಟೈಫಾಯ್ಡ್ ಪೂರ್ತಿ ಹೋಗಿದೆಯೇ’ ಎಂದು ಮತ್ತೆ ವಿಡಾಲ್ ಮಾಡಿಸುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ಪ್ರತಿಕಾಯಗಳು ತಿಂಗಳುಗಟ್ಟಲೆ ಉಳಿದಿರುತ್ತವೆ. ಆ ಹಣವನ್ನು ಮನೆಯ ಮಕ್ಕಳಿಗೆ ಟೈಫಾಯ್ಡ್ ಕಾಂಜುಗೇಟ್ ಲಸಿಕೆ ಹಾಕಿಸಲು ಬಳಸುವುದು ಮೇಲು. ಆರು ತಿಂಗಳು ತುಂಬಿದ ಕೂಸಿಗೂ ಅದನ್ನು ಕೊಡಬಹುದು. ಕುದಿಸಿ ಆರಿಸಿದ ನೀರು, ಶೌಚದ ನಂತರ ಮತ್ತು ಅಡುಗೆಗೆ ಮುನ್ನ ಸೋಪಿನಿಂದ ಕೈತೊಳೆಯುವುದು ಲಸಿಕೆ ಹಾಕಿಸಿಕೊಂಡವರಿಗೂ ತಪ್ಪಿದ್ದಲ್ಲ.