ನಿದ್ದೆ ಬರಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ

"ಮೇಡಂ, ನಂಗೆ ಹಿಪ್ನಾಟಿಸಂ ಆಗ್ಲೇ ಇಲ್ಲ. ಹೊರಗೆ ಯಾರೋ ಬೈಕ್ ಸ್ಟಾರ್ಟ್ ಮಾಡಿದ್ದೂ ಕೇಳಿಸ್ತು."

ಭಯಕ್ಕೆ ಹಿಪ್ನೋಸಿಸ್ ಬಳಸಿ ಚಿಕಿತ್ಸೆ ಕೊಡುವವಳು ನಾನು. ಮೊದಲ ಸೆಷನ್ ಮುಗಿದು ಕಣ್ಣು ಬಿಟ್ಟ ಕೂಡಲೇ ಹೆಚ್ಚಿನವರು ಹೇಳುವ ಮಾತಿದು. ಬೈಕ್ ಬದಲು ನಾಯಿ ಬೊಗಳಿದ್ದಿರಬಹುದು, ಫ್ಯಾನ್ ಕಿರ್ ಅಂದಿದ್ದಿರಬಹುದು. ಧಾಟಿ ಮಾತ್ರ ಒಂದೇ. ಟಿಕೆಟ್ ತಗೊಂಡು ಒಳಗೆ ಹೋದರೆ ಕರೆಂಟೇ ಇರಲಿಲ್ಲ ಅನ್ನುವ ಹಾಗೆ.

ಕೇಳಿಸಲೇಬೇಕು ಸ್ವಾಮಿ! ನಿಮಗೆ ಕೇಳಿಸದಿದ್ದರೆ ಅಷ್ಟು ಹೊತ್ತು ನಾನು ಯಾರ ಜೊತೆ ಮಾತಾಡುತ್ತಿದ್ದೆ?

ತಪ್ಪಿನಲ್ಲಿ ಅರ್ಧ ಆ ಹೆಸರಿನದೇ. 1840ರ ದಶಕದಲ್ಲಿ ಜೇಮ್ಸ್ ಬ್ರೇಡ್ ಎಂಬ ಸ್ಕಾಟ್ಲೆಂಡಿನ ಸರ್ಜನ್ 'ಹಿಪ್ನಾಟಿಸಂ' ಪದವನ್ನು ಬಳಕೆಗೆ ತಂದ. ಗ್ರೀಕ್‌ನಲ್ಲಿ ಹಿಪ್ನೋಸ್ ಅಂದರೆ ನಿದ್ದೆ. ಆಮೇಲೆ ಇದು ನಿದ್ದೆಯಲ್ಲ, ಮನಸ್ಸು ಒಂದೇ ವಿಚಾರದ ಮೇಲೆ ನಿಲ್ಲುವುದು ಅಂತ ಅವನಿಗೇ ಅನ್ನಿಸಿತು. 1847ರಲ್ಲಿ 'ಮೊನೊಐಡಿಯಿಸಂ' ಅಂತ ಬೇರೆ ಹೆಸರಿಟ್ಟು ನೋಡಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದರ ಫಲ ನಾನು ಇವತ್ತಿಗೂ ಉಣ್ಣುತ್ತಿದ್ದೇನೆ.

ಮೊಬೈಲ್‌ನಲ್ಲಿ ಮುಳುಗಿದವರನ್ನು ಮೂರು ಸಲ ಕೂಗಿದರೂ 'ಹಾಂ?' ಅನ್ನುವುದಿಲ್ಲ ಅಲ್ವಾ? ಅವರೇನು ಮಲಗಿರುವುದಿಲ್ಲ. ಗಮನವೆಲ್ಲ ಒಂದು ಕಡೆ ಸೇರಿಕೊಂಡಿರುತ್ತದೆ, ಅಷ್ಟೆ. ಹಿಪ್ನೋಸಿಸ್ ಹೆಚ್ಚುಕಡಿಮೆ ಅಂಥದ್ದೇ. ಬೇಡವೆಂದರೆ ಕಣ್ಣು ಬಿಟ್ಟು ಎದ್ದು ಹೋಗಬಹುದು. ನಿಮ್ಮ ಬ್ಯಾಂಕಿನ ಗುಟ್ಟು ನನಗೆ ಸಿಗುವುದಿಲ್ಲ. ಬೇಕಾಗಿಯೂ ಇಲ್ಲ.

ಈಗ ಬೈಕ್ ಶಬ್ದ ಕೇಳಿಸಿಕೊಂಡ ಆ ಯಜಮಾನರ ವಿಷಯ. (ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.) ಅವರಿಗೆ ಲಿಫ್ಟ್ ಭಯ. ಆಫೀಸು ಏಳನೇ ಮಹಡಿ. ಹನ್ನೊಂದು ವರ್ಷ ಮೆಟ್ಟಿಲು ಹತ್ತಿದ್ದರು. ಮಂಡಿ ನೋವು ಶುರುವಾದ ಮೇಲೆ ನನ್ನ ಹತ್ತಿರ ಬಂದರು. ಕೂತವರೇ, "ನೀವು ಮಲಗಿಸಿಬಿಡಿ ಮೇಡಂ, ಏಳೋವಾಗ ಭಯ ಹೋಗಿರ್ಬೇಕು" ಅಂದರು. ಹುಳುಕು ಹಲ್ಲು ಕೀಳಿಸಲು ಬಂದವರ ಹಾಗೆ.

ಭಯವನ್ನು ಹಾಗೆ ಕೀಳುವುದಕ್ಕಾಗುವುದಿಲ್ಲ. ಲಿಫ್ಟ್ ಮುಂದೆ ನಿಂತಾಗ ಎದೆ ಹೊಡೆದುಕೊಳ್ಳುತ್ತದೆ. ಮೆಟ್ಟಿಲ ಕಡೆ ತಿರುಗುತ್ತೀರಿ, ತಕ್ಷಣ ಹಾಯೆನ್ನಿಸುತ್ತದೆ. ಭಯಕ್ಕೆ ಗೊಬ್ಬರ ಆ ಹಾಯೇ. 'ನೋಡು, ತಪ್ಪಿಸಿಕೊಂಡಿದ್ದಕ್ಕೆ ಉಳಿದೆ' ಅಂತ ಮೆದುಳು ಪ್ರತಿ ಸಲವೂ ಲೆಕ್ಕ ಬರೆದುಕೊಳ್ಳುತ್ತದೆ. ಆ ಲೆಕ್ಕ ಅಳಿಸಬೇಕೆಂದರೆ ಲಿಫ್ಟ್ ಒಳಗೆ ನಿಂತು, ಏನೂ ಆಗಲಿಲ್ಲ ಎಂಬುದನ್ನು ಮೈಗೇ ತೋರಿಸಬೇಕು. ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ. ಫೋಬಿಯಾಕ್ಕೆ, ಅಂದರೆ ಇಂಥ ಅತಿಯಾದ ಭಯಕ್ಕೆ, ಇವತ್ತು ಜಾಸ್ತಿ ಆಧಾರವಿರುವ ಚಿಕಿತ್ಸೆ ಹೀಗೆ ಎದುರಿಸುವುದೇ. ಹಿಪ್ನೋಸಿಸ್ ಅದಕ್ಕೆ ಜೊತೆಗಾರ, ಬದಲಿಯಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ!

ಕುರ್ಚಿಯಲ್ಲಿ ನಾವು ಮಾಡುವುದು ತಾಲೀಮು. ಕಣ್ಣು ಮುಚ್ಚಿ, ಉಸಿರು ನಿಧಾನವಾಗಿ, ಲಿಫ್ಟಿನ ಬಾಗಿಲನ್ನು ದೂರದಿಂದ ನೋಡುವುದು. ಭಯ ಏರಿದರೆ ಬಲಗೈ ತೋರುಬೆರಳು ಎತ್ತಬೇಕೆಂದು ಹೇಳಿದ್ದೆ. 'ಬಾಗಿಲು ತೆರೀತಾ ಇದೆ' ಅಂದ ತಕ್ಷಣ ಬೆರಳು ಎದ್ದಿತು. ಉಗುರು ಬೆಳ್ಳಗಾಗುವಷ್ಟು ಬಿಗಿಯಾಗಿತ್ತು. ಕಾದೆವು. ಅದು ಕೆಳಗಿಳಿಯಲು ಸುಮಾರು ಎರಡು ನಿಮಿಷ ಹಿಡಿಯಿತು. ಇಳಿದ ಮೇಲೇ ಒಂದು ಹೆಜ್ಜೆ ಮುಂದೆ. ಅವತ್ತು ಮನಸ್ಸಿನಲ್ಲೂ ಅವರು ಲಿಫ್ಟ್ ಒಳಗೆ ಕಾಲಿಡಲಿಲ್ಲ. ಅಷ್ಟು ಸಾಕಿತ್ತು.

ಎಲ್ಲರಿಗೂ ಇದು ಒಂದೇ ಥರ ಒಗ್ಗುವುದಿಲ್ಲ. ಕೆಲವರು ಬೇಗ ಒಳಗಿಳಿಯುತ್ತಾರೆ, ಕೆಲವರಿಗೆ ಏನೇ ಮಾಡಿದರೂ ಅಷ್ಟಕ್ಕಷ್ಟೇ. ಅದನ್ನು ಅಳೆಯಲು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 1959ರಲ್ಲೇ ಅಳತೆಗೋಲು ಮಾಡಿದ್ದಾರೆ. ಸೈಕೋಸಿಸ್‌ನಂಥ (ಇಲ್ಲದ್ದು ಕಾಣುವ, ಕೇಳಿಸುವ) ಕಾಯಿಲೆ ಇದ್ದವರು ಮನೋವೈದ್ಯರನ್ನು ಕೇಳದೆ ಈ ಕಡೆ ಬರಬಾರದು. 'ಬಾಲ್ಯಕ್ಕೆ ಕರೆದೊಯ್ದು ಭಯದ ಬೇರು ಕೀಳುತ್ತೇವೆ' ಅನ್ನುವವರ ಹತ್ತಿರವಂತೂ ಜೋಪಾನ. ಹಿಪ್ನೋಸಿಸ್‌ನಲ್ಲಿ ಸಿಕ್ಕ ನೆನಪಿನ ಮೇಲೆ ನಂಬಿಕೆ ಹೆಚ್ಚುತ್ತದೆ, ಆದರೆ ನೆನಪು ನಿಜವೇ ಆಗಿರಬೇಕೆಂದಿಲ್ಲ. ನಡೆಯದೇ ಇದ್ದದ್ದೂ ನಡೆದ ಹಾಗೆ ಕೂತುಬಿಡಬಹುದು.

ಸೂಜಿ, ರಕ್ತ ಕಂಡರೆ ತಲೆ ಸುತ್ತಿ ಬೀಳುವವರ ಕಥೆಯೇ ಬೇರೆ. ಉಳಿದ ಭಯಗಳಲ್ಲಿ ಬಿಪಿ ಏರಿದರೆ, ಇವರಿಗೆ ಮೊದಲು ಸ್ವಲ್ಪ ಏರಿ ಆಮೇಲೆ ದಢಕ್ಕನೆ ಇಳಿಯುತ್ತದೆ. 'ಮೈ ಸಡಿಲ ಬಿಡಿ' ಅಂದರೆ ಇನ್ನೂ ಬೇಗ ಬೀಳಬಹುದು. ಅವರಿಗೆ ತಿರುಗಾಮುರುಗಾ ಕಲಿಸಬೇಕು: ಕೈ, ಕಾಲು, ಹೊಟ್ಟೆಯ ಸ್ನಾಯು ಹತ್ತು ಹದಿನೈದು ಸೆಕೆಂಡು ಬಿಗಿ ಹಿಡಿಯುವುದು. ಪಾಪ, ಎಷ್ಟೋ ಜನ ಮನೆಯಲ್ಲೇ ರಿಲ್ಯಾಕ್ಸ್ ಆಗಲು ಕಲಿತು, ಲ್ಯಾಬಿನಲ್ಲಿ ಬಿದ್ದು, ಆಮೇಲೆ ಬರುತ್ತಾರೆ.

ಲಿಫ್ಟ್ ಯಜಮಾನರು ಒಂದು ವಾರ ಬರೀ ಗುಂಡಿ ಒತ್ತಿ ಬಾಗಿಲು ತೆರೆದು ಮುಚ್ಚುವುದನ್ನು ನೋಡಿದರು. ಸೆಕ್ಯುರಿಟಿಯವರು ಬೈದರಂತೆ. ಆಮೇಲೆ ಹೆಂಡತಿಯ ಜೊತೆ ಒಂದು ಮಹಡಿ. ಆಮೇಲೆ ಒಬ್ಬರೇ ಎರಡು. ಒಂದು ದಿನ ಫೋನ್ ಬಂತು.

"ಮೇಡಂ, ಏಳನೇ ಮಹಡಿಗೆ ಲಿಫ್ಟಲ್ಲೇ ಬಂದೆ. ಆದ್ರೆ ನಿಮ್ ಹಿಪ್ನಾಟಿಸಂನಿಂದ ಅಲ್ಲ, ಅದು ನಂಗೆ ಆಗ್ಲೇ ಇಲ್ಲ. ನಾನೇ ಧೈರ್ಯ ಮಾಡಿ ಹತ್ತಿದ್ದು."

ಆ ಸೆಷನ್‌ಗಳ ಫೀಸು ದಂಡ ಅಂತ ಈಗಲೂ ಅವರ ವಾದ. ಇರಲಿ ಬಿಡಿ.