ಚರ್ಚ್ ಆಸ್ಪತ್ರೆಯಲ್ಲೇ ಕುಟುಂಬ ಯೋಜನೆ? ಆಫ್ರಿಕಾದ ಹಳ್ಳಿಗಳಲ್ಲಿ ಇದು ಹೇಗೆ ನಡೆಯುತ್ತದೆ

ಓದುಗರ ಪ್ರಶ್ನೆ: ಚರ್ಚು, ಮಸೀದಿಯವರೆಲ್ಲ ಕುಟುಂಬ ಯೋಜನೆಗೆ ವಿರೋಧ ಅಲ್ವಾ? ಆದರೆ ಕೀನ್ಯಾ, ಉಗಾಂಡದ ಕಡೆ ಧಾರ್ಮಿಕ ಸಂಸ್ಥೆಗಳೇ ಹಳ್ಳಿಗೆ ಹೋಗಿ ಅದರ ಬಗ್ಗೆ ಹೇಳಿಕೊಡುತ್ತವಂತೆ. ಇದು ಹೇಗೆ?

ಉತ್ತರ: ಎಲ್ಲರೂ ವಿರೋಧ ಎನ್ನುವುದು ಅರ್ಧ ಮಾತ್ರ ನಿಜ. ಕಟ್ಟುನಿಟ್ಟಾಗಿ ಬೇಡ ಎನ್ನುವುದು ಕ್ಯಾಥೊಲಿಕ್ ಚರ್ಚ್. 1968ರಲ್ಲಿ ಪೋಪ್ ಆರನೇ ಪೌಲ್ ಮಾತ್ರೆಯಿಂದ ಹಿಡಿದು ಆಪರೇಷನ್‌ವರೆಗೆ ಎಲ್ಲಕ್ಕೂ ಕೂಡದು ಎಂದರು. ದಿನ ಲೆಕ್ಕ ಹಾಕಿ ದೂರ ಇರುವುದಕ್ಕೆ ಮಾತ್ರ ಒಪ್ಪಿಗೆ ಕೊಟ್ಟರು. ಆಂಗ್ಲಿಕನ್ ಬಿಷಪ್ಪರು 1930ರಲ್ಲೇ, ತಕ್ಕ ಕಾರಣವಿದ್ದರೆ ತಪ್ಪಿಲ್ಲ ಎಂದಿದ್ದರು. ಬಹುಪಾಲು ಪ್ರಾಟೆಸ್ಟೆಂಟ್ ಚರ್ಚುಗಳು ಅದೇ ದಾರಿಗೆ ಬಂದವು. ಇನ್ನು ಮಸೀದಿಯ ಮಾತು. ತಾಯಿ ಎರಡು ಪೂರ್ಣ ವರ್ಷ ಹಾಲೂಡಿಸುವ ಬಗ್ಗೆ ಕುರಾನಿನ ಎರಡನೇ ಅಧ್ಯಾಯದಲ್ಲೇ ಇದೆ. ಸೆನೆಗಲ್‌ನಂಥ ದೇಶಗಳಲ್ಲಿ ಹೆರಿಗೆಗಳ ನಡುವೆ ಅಂತರ ಇರಲಿ ಎನ್ನುವ ಇಮಾಮರು ಇದನ್ನೇ ಎತ್ತಿ ಹೇಳುತ್ತಾರೆ.

ಆದರೆ ಧರ್ಮಗ್ರಂಥದಷ್ಟೇ ಮುಖ್ಯವಾದ ಕಾರಣ ಇನ್ನೊಂದಿದೆ. ಅಲ್ಲಿನ ಎಷ್ಟೋ ಹಳ್ಳಿಗಳಿಗೆ ಹತ್ತಿರದ ಆಸ್ಪತ್ರೆ ಎಂದರೆ ಮಿಷನ್ ಆಸ್ಪತ್ರೆಯೇ. ಕೀನ್ಯಾದ ಪ್ರಾಟೆಸ್ಟೆಂಟ್ ಆಸ್ಪತ್ರೆಗಳು 1946ರಿಂದಲೇ ಒಂದು ಸಂಘದಡಿ ಇವೆ. ಈಗ ಅದಕ್ಕೆ ಕೀನ್ಯಾ ಕ್ರೈಸ್ತ ಆರೋಗ್ಯ ಸಂಘ ಎಂದು ಹೆಸರು. ಉಗಾಂಡದಲ್ಲಂತೂ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್, ಮುಸ್ಲಿಂ ಎಂದು ಬೇರೆಬೇರೆ ವೈದ್ಯಕೀಯ ಮಂಡಳಿಗಳೇ ಇವೆ. ಕಾಂಗೋದಲ್ಲಿ 1981ರಲ್ಲಿ ಶುರುವಾದ ‘ಸನ್ರು’ ಎಂಬ ಗ್ರಾಮೀಣ ಆರೋಗ್ಯ ಯೋಜನೆಯನ್ನು ನಡೆಸಿದ್ದೇ ಪ್ರಾಟೆಸ್ಟೆಂಟ್ ಚರ್ಚುಗಳ ಒಕ್ಕೂಟ. ಹೆರಿಗೆ, ಲಸಿಕೆ, ಮಲೇರಿಯಾ ಎಲ್ಲಕ್ಕೂ ಜನ ಬರುವುದು ಇಲ್ಲಿಗೇ. ಹೆತ್ತು ಮನೆಗೆ ಹೊರಟ ತಾಯಿಯ ಹತ್ತಿರ ಮುಂದಿನ ಮಗುವಿನ ಮಾತನ್ನು ಬೇರೆ ಯಾರು ಆಡಬೇಕು?

ಮಾತಾಡುವ ರೀತಿಯೂ ಬೇರೆ. ನಮ್ಮ ಕರ್ನಾಟಕದಲ್ಲಿ ಕುಟುಂಬ ಯೋಜನೆ ಎಂದರೆ ಹೆಚ್ಚಾಗಿ ಎರಡು ಮಕ್ಕಳಾದ ಮೇಲೆ ಹೆಂಗಸಿಗೆ ಆಪರೇಷನ್, ಅಲ್ಲಿಗೆ ಮುಗಿಯಿತು. ಆಫ್ರಿಕಾದ ಪಾದ್ರಿಗಳು ಮಕ್ಕಳು ಸಾಕು ಎನ್ನುವುದಿಲ್ಲ, ಸ್ವಲ್ಪ ತಡೆಯಿರಿ ಎನ್ನುತ್ತಾರೆ. ಹೆರಿಗೆಯಾದ ಮೇಲೆ ಮತ್ತೆ ಬಸುರಾಗಲು ಕನಿಷ್ಠ 24 ತಿಂಗಳು ಬಿಡಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ತಾಯಿ ಚೇತರಿಸಿಕೊಳ್ಳುತ್ತಾಳೆ, ಕೈಗೂಸಿಗೆ ಹಾಲು ಸಿಗುತ್ತದೆ. ಇದನ್ನು ಯಾವ ಧರ್ಮದವರೂ ಹೇಳಬಹುದು. ಜನಸಂಖ್ಯೆ ಜಾಸ್ತಿಯಾಯಿತು ಎಂದು ಶುರುಮಾಡಿದರೆ ಮಾತ್ರ ಊರಿನವರು ಎದ್ದು ಹೋಗುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ.

ಅಲ್ಲಿ ಜಾಸ್ತಿ ಓಡುವುದು ಮೂರು ತಿಂಗಳಿಗೊಮ್ಮೆಯ ಇಂಜೆಕ್ಷನ್ ಮತ್ತು ತೋಳಿನ ಚರ್ಮದಡಿ ಇಡುವ ಇಂಪ್ಲಾಂಟ್. ಆ ಇಂಜೆಕ್ಷನ್ ಬೇರೇನೂ ಅಲ್ಲ, ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಅಂತರಾ’ ಎಂದು ಕೊಡುವ ಔಷಧಿಯೇ.

ಕ್ಯಾಥೊಲಿಕ್ ಆಸ್ಪತ್ರೆಗಳಲ್ಲಿ ಇವು ಸಿಗುವುದಿಲ್ಲ. ಅಲ್ಲಿ ಕಲಿಸುವ ವಿಧಾನಗಳಲ್ಲಿ ಒಂದು ಮಣಿಸರ. ನೋಡಲು ಜಪಮಾಲೆಯ ಹಾಗೆ ಇರುತ್ತದೆ, 32 ಮಣಿ. ಮುಟ್ಟಾದ ದಿನ ಕೆಂಪು ಮಣಿಗೆ ರಬ್ಬರ್ ಬಳೆ ಹಾಕಬೇಕು. ಆಮೇಲೆ ದಿನಕ್ಕೊಂದು ಮಣಿ ಮುಂದಕ್ಕೆ ಸರಿಸುತ್ತಾ ಹೋಗಬೇಕು. ಕಂದು ಮಣಿ ಬಂದರೆ ಚಿಂತೆಯಿಲ್ಲ. ಎಂಟನೇ ದಿನದಿಂದ ಹತ್ತೊಂಬತ್ತನೇ ದಿನದವರೆಗೆ ಬಿಳಿ ಮಣಿ, ಆ 12 ದಿನ ದೂರ ಇರಬೇಕು. ಮುಟ್ಟಿನ ಚಕ್ರ 26ರಿಂದ 32 ದಿನದೊಳಗೆ ಇರುವವರಿಗೆ ಮಾತ್ರ ಇದು ಹೊಂದುತ್ತದೆ. ಚಾಚೂ ತಪ್ಪದೆ ಪಾಲಿಸಿದರೆ ವರ್ಷಕ್ಕೆ 100ರಲ್ಲಿ ಸುಮಾರು 5 ಮಂದಿ ಬಸುರಾಗುತ್ತಾರೆ. ಸಾಮಾನ್ಯವಾಗಿ ಜನ ಪಾಲಿಸುವ ಹಾಗಾದರೆ ಸುಮಾರು 12. ಇಂಪ್ಲಾಂಟ್‌ನಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಈ ವ್ಯತ್ಯಾಸವನ್ನು ಹೆಂಗಸಿಗೆ ಬಿಡಿಸಿ ಹೇಳದೆ ಸುಮ್ನೆ ಸರ ಕೊಟ್ಟು ಕಳಿಸಿದರೆ ಅದು ಮೋಸ ಎಂದೇ ನನ್ನ ಅನಿಸಿಕೆ. ಇನ್ನೊಂದು ಮಾತು: ಗಂಡ ಒಪ್ಪದಿದ್ದರೆ ಆ 12 ದಿನದ ಲೆಕ್ಕಕ್ಕೆ ಬೆಲೆಯೇ ಇಲ್ಲ. ಅದಕ್ಕೇ ಈ ತರಬೇತಿಗೆ ದಂಪತಿಯನ್ನು ಒಟ್ಟಿಗೇ ಕರೆಯುವುದು ಒಳ್ಳೆಯದು.

ಕ್ಯಾಥೊಲಿಕ್ ಆಸ್ಪತ್ರೆಗಳಲ್ಲಿ ಇಂಜೆಕ್ಷನ್, ಇಂಪ್ಲಾಂಟ್ ಸಿಗದ ತೊಂದರೆಗೆ ರುವಾಂಡದವರು ಒಂದು ಉಪಾಯ ಹುಡುಕಿದರು. ಅಲ್ಲಿ ಸರ್ಕಾರದ ಆರೋಗ್ಯ ವ್ಯವಸ್ಥೆಯೊಳಗೇ ಕ್ಯಾಥೊಲಿಕ್ ಕೇಂದ್ರಗಳು ಬಹಳ ಇವೆ. ಅವುಗಳ ಜೊತೆ ಜಗಳಕ್ಕೆ ಹೋಗದೆ, ಹತ್ತಿರದಲ್ಲೇ ಸರ್ಕಾರ ಚಿಕ್ಕ ಉಪಕೇಂದ್ರಗಳನ್ನು ತೆರೆಯಿತು. ಹೆರಿಗೆ ಇಲ್ಲಿ, ಇಂಜೆಕ್ಷನ್ ಅಲ್ಲಿ. ಚರ್ಚಿನ ನಿಯಮವೂ ಮುರಿಯಲಿಲ್ಲ, ಹೆಂಗಸರೂ ಖಾಲಿ ಕೈಯಲ್ಲಿ ಹೋಗಲಿಲ್ಲ. ಆ ದೇಶದಲ್ಲಿ ಆಧುನಿಕ ವಿಧಾನ ಬಳಸುವ ವಿವಾಹಿತೆಯರು 2005ರಲ್ಲಿ ಶೇ. 10 ಇದ್ದರು. 2019-20ರ ಸಮೀಕ್ಷೆಯ ಹೊತ್ತಿಗೆ ಶೇ. 58 ಆದರು. ಇದೆಲ್ಲ ಉಪಕೇಂದ್ರಗಳಿಂದಲೇ ಆಗಿದ್ದಲ್ಲ. ಸರ್ಕಾರ ಹಟ ಹಿಡಿದು ಕೆಲಸ ಮಾಡಿತು, ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರೂ ಸೇರಿದರು. ಆದರೂ ಎದುರಾಳಿಯನ್ನು ಸೋಲಿಸದೆ ಕೆಲಸ ಸಾಧಿಸಿದ ಈ ಜಾಣತನ ನನಗೆ ಇಷ್ಟ.

ಎಲ್ಲ ಸುಗಮ ಎಂದುಕೊಳ್ಳಬೇಡಿ. ಪಾದ್ರಿ ಭಾನುವಾರ ಚೆನ್ನಾಗಿ ಮಾತಾಡಿ, ಸೋಮವಾರ ಆಸ್ಪತ್ರೆಯಲ್ಲಿ ಇಂಜೆಕ್ಷನ್ ದಾಸ್ತಾನು ಮುಗಿದಿದ್ದರೆ ಏನು ಫಲ? ಈ ಸರಕಿಗೆ ಬಹುಪಾಲು ಹಣ ಹೊರದೇಶಗಳಿಂದ ಬರುತ್ತಿತ್ತು, ಅದರಲ್ಲೂ ಅಮೆರಿಕದ್ದೇ ದೊಡ್ಡ ಪಾಲು. 2025ರಲ್ಲಿ ಅಮೆರಿಕ ಕೈ ಹಿಂದಕ್ಕೆಳೆದುಕೊಂಡಿತು. ಅದನ್ನೇ ನೆಚ್ಚಿದ್ದ ಚರ್ಚ್ ಆಸ್ಪತ್ರೆಗಳಿಗೂ ಪೆಟ್ಟು ಬಿದ್ದಿದೆ.

ಇನ್ನೊಂದು ಕೊರತೆ ಹಣದ್ದಲ್ಲ. ಇಂಥ ಸಂಸ್ಥೆಗಳ ಮಾತೆಲ್ಲ ಹೆಚ್ಚಾಗಿ ಮದುವೆಯಾದವರ ಜೊತೆ. ಮದುವೆಯಾಗದ ಹುಡುಗಿ ಬಂದು ಕೇಳಿದರೆ ಎಷ್ಟೋ ಕಡೆ ಉಪದೇಶ ಸಿಗುತ್ತದೆ, ಸೇವೆ ಸಿಗುವುದಿಲ್ಲ. ಅವಳು ಸರ್ಕಾರಿ ಕ್ಲಿನಿಕ್ಕಿಗೋ ಔಷಧಿ ಅಂಗಡಿಗೋ ಹೋಗಬೇಕು. ಅದು ಹತ್ತಿರ ಇಲ್ಲದ ಊರಲ್ಲಿ ಅವಳ ಪ್ರಶ್ನೆಗೆ ಈ ಜಾಲಗಳ ಬಳಿ ಸದ್ಯಕ್ಕೆ ಸರಿಯಾದ ಉತ್ತರ ಇಲ್ಲ.