ಒರೆಸಿದರೆ ಹೋಗುವ ಚಿನ್ನ

ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ. ಆದರೂ ಇಂಗ್ಲೆಂಡಿನ ದೊಡ್ಡ ಮನೆಗಳ ಹಳೆಯ ಕುರ್ಚಿ, ಮೇಜು, ಕನ್ನಡಿ ಚೌಕಟ್ಟುಗಳಲ್ಲಿ ಮೊದಲು ಹಚ್ಚಿದ ಚಿನ್ನವೇ ಉಳಿದಿರುವುದು ಅಪರೂಪ. ಕಾರಣ ಚಿನ್ನದ ಅಡಿಯಲ್ಲಿದೆ.

ಸೀಮೆಸುಣ್ಣದ ಪುಡಿಯನ್ನು ಪ್ರಾಣಿಗಳ ಚರ್ಮದ ಅಂಟಿನಲ್ಲಿ ಕಲಸಿ ಮರಕ್ಕೆ ಪದರ ಪದರವಾಗಿ ಬಳಿಯುತ್ತಾರೆ. ಇದು ಗೆಸ್ಸೊ. ಅದರ ಮೇಲೆ ಕೆಂಪು ಅಥವಾ ಹಳದಿ ಜೇಡಿ. ಜೇಡಿಯನ್ನು ತೇವ ಮಾಡಿ, ಉಸಿರು ತಾಗಿದರೂ ಹಾರುವ ಚಿನ್ನದ ರೇಕನ್ನು ಕೂರಿಸಿ, ಅಗೇಟ್ ಕಲ್ಲಿನಿಂದ ಉಜ್ಜಿದರೆ ಹೊಳಪು. ಉಬ್ಬು ಭಾಗಗಳನ್ನು ಹೀಗೆ ಉಜ್ಜಿ, ತಗ್ಗುಗಳನ್ನು ಮಂಕಾಗಿಯೇ ಬಿಡುತ್ತಿದ್ದರು. ಮೇಣದಬತ್ತಿಯ ಬೆಳಕಿನಲ್ಲಿ ಕೆತ್ತನೆಗೆ ಜೀವ ಬರುತ್ತಿದ್ದುದು ಈ ವ್ಯತ್ಯಾಸದಿಂದಲೇ.

18ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಪೀಠೋಪಕರಣ ತಯಾರಕ ಜೇಮ್ಸ್ ಮೂರ್ ಗೆಸ್ಸೊದಲ್ಲೇ ಬಳ್ಳಿ ಬಿಡಿಸಿದ ಮೇಜುಗಳನ್ನು ಮಾಡಿದ. ಆಮೇಲೆ ವಾಸ್ತುಶಿಲ್ಪಿ ವಿಲಿಯಂ ಕೆಂಟ್‌ನ ಭಾರಿ ವಿನ್ಯಾಸಗಳು ಬಂದವು. ವಾಸ್ತುಶಿಲ್ಪಿ ರಾಬರ್ಟ್ ಆಡಮ್ ಬರೆದುಕೊಟ್ಟ ನಕ್ಷೆಯಂತೆ 1765ರಲ್ಲಿ ಪೀಠೋಪಕರಣ ತಯಾರಕ ಥಾಮಸ್ ಚಿಪ್ಪೆಂಡೇಲ್ ಸಿರಿವಂತ ಸರ್ ಲಾರೆನ್ಸ್ ಡಂಡಾಸ್‌ಗೆ ಕುರ್ಚಿ, ಸೋಫಾ ಮಾಡಿಕೊಟ್ಟ.

ಕಷ್ಟ ಶುರುವಾದದ್ದು ಆಮೇಲೆ, ಅದೂ ಬಹುಪಾಲು ಅಕ್ಕರೆಯಿಂದ. ಅಂಟು ನೀರಿಗೆ ಕರಗುತ್ತದೆ. ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ರೇಕು ಬಟ್ಟೆಗೆ ಬಂದು ಜೇಡಿಯ ಕೆಂಪು ಕಾಣುತ್ತದೆ. ಇನ್ನೂ ಒರೆಸುತ್ತ ಹೋದರೆ ಸೀಮೆಸುಣ್ಣದ ಬಿಳುಪು. ಕಲ್ಲಿದ್ದಲ ಹೊಗೆಗೆ ಕಪ್ಪಾದ ಸಾಮಾನಿಗೆ ಹಳೆಯ ಪದರದ ಮೇಲೆಯೇ ಹೊಸ ಗೆಸ್ಸೊ, ಹೊಸ ಚಿನ್ನ ಬಂತು. ಎರಡು ಸಲ ಹಾಗೆ ಮಾಡುವಷ್ಟರಲ್ಲಿ ಕೆತ್ತಿದ ಎಲೆಯ ನರಗಳು ತುಂಬಿ, ಎಲೆ ಹಿಟ್ಟಿನ ಮುದ್ದೆಯಂತಾಗುತ್ತದೆ. ರೇಕು ಎದ್ದ ಕಡೆ ಹಿತ್ತಾಳೆ ಪುಡಿಯ ಬಣ್ಣ ಬಳಿದರು. ಹಚ್ಚಿದ ದಿನ ಅದು ಚಿನ್ನದಂತೆಯೇ ಇರುತ್ತದೆ, ವರ್ಷಗಳಲ್ಲಿ ಕಂದಾಗುತ್ತದೆ. ಅಡಿಯಲ್ಲಿ ಅಸಲಿ ಚಿನ್ನ ಉಳಿದಿದ್ದರೂ ಯಾರಿಗೂ ಕಾಣದು. 20ನೇ ಶತಮಾನದಲ್ಲಿ ಮನೆಯಿಡೀ ಬೆಚ್ಚಗಿಡುವ ಬಿಸಿ ನೀರಿನ ಕೊಳವೆಗಳು ಬಂದಾಗ ಗಾಳಿ ಒಣಗಿತು, ಮರ ಕುಗ್ಗಿತು. ಜೊತೆಗೆ ಕುಗ್ಗಲಾಗದ ಗೆಸ್ಸೊ ಬಿರಿದು ಚಕ್ಕೆ ಚಕ್ಕೆಯಾಗಿ ಎದ್ದಿತು.

ಈಗ ಸಂರಕ್ಷಕರು ಧೂಳನ್ನು ಮೃದು ಕುಂಚದಿಂದಷ್ಟೇ ತೆಗೆಯುತ್ತಾರೆ. ಎದ್ದ ಚಕ್ಕೆಯ ಅಡಿಗೆ ಸ್ಟರ್ಜನ್ ಮೀನಿನ ಅಂಟು ಬಿಟ್ಟು ಮೆಲ್ಲಗೆ ಒತ್ತಿ ಕೂರಿಸುತ್ತಾರೆ. ಹಿತ್ತಾಳೆ ಬಣ್ಣವನ್ನು ಭೂತಗನ್ನಡಿ ಹಿಡಿದು ಚೂರುಚೂರೇ ಬಿಡಿಸುವುದು ತಿಂಗಳುಗಟ್ಟಲೆಯ ಕೆಲಸ, ಆದರೆ ಆ ದುಡಿಮೆ ಸಾರ್ಥಕ. ಕುರ್ಚಿಯ ತೋಳಿನ ತುದಿಯಲ್ಲಿ ತಲೆಮಾರುಗಳ ಅಂಗೈ ಸವೆಸಿದ ಕೆಂಪು ಮಚ್ಚೆಯಿದ್ದರೆ, ಹೊಸ ರೇಕು ಹಚ್ಚದೆ ಹಾಗೆಯೇ ಬಿಡುತ್ತಾರೆ.